ಎರಡನೇ ಟಚ್

ಜಾತ್ರೆ ಸೀಸನ್ನಿನಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಯ ಪಾಂಪ್ಲೆಟ್ ಕೈಗೆ ಸಿಕ್ಕರೆ ನಾನು ಮೊದಲು ಓದೋದು ಕೆಳಗಿನ ಸಾಲುಗಳನ್ನ. ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಅವನ್ನು ಕೊಟ್ಟ ದಾನಿಗಳ ಹೆಸರು, ಅವರ ಅಪ್ಪಂದಿರ ಹೆಸರು ಎಲ್ಲ ಮೇಲಿರುತ್ತವೆ. ತಳದಲ್ಲಿ ಸಣ್ಣ ಅಕ್ಷರದಲ್ಲಿ ಬೆಸ್ಟ್ ಸ್ಮ್ಯಾಶರ್, ಬೆಸ್ಟ್ ಲಿಫ್ಟರ್, ಬೆಸ್ಟ್ ಆಲ್‌ರೌಂಡರ್. ಕಾಗದದ ಮೇಲೆ ಮೂರೂ ಒಂದೇ ಅಳತೆಯ ಕಪ್ಪು. ಆದರೆ ಆಟ ನಡೆದಿರುವಾಗ ಮೈಕ್ ಹಿಡಿದವನ ಬಾಯಲ್ಲಿ ಲಿಫ್ಟರ್ ಹೆಸರು ಬರೋದಿಲ್ಲ. 'ಈ ಸ್ಮ್ಯಾಶಿಗೆ ನೂರಾ ಒಂದು ರೂಪಾಯಿ ಬಹುಮಾನ' ಅಂತ ಕೂಗಿದಾಗಲೆಲ್ಲ ನೋಟು ಹೋಗೋದು ಬಾಲನ್ನು ನೆಲಕ್ಕೆ ಅಪ್ಪಳಿಸಿದವನ ಜೇಬಿಗೆ. ಆ ಬಾಲನ್ನು ಅಲ್ಲಿ, ಅಷ್ಟೇ ಎತ್ತರಕ್ಕೆ, ಅದೇ ಗಳಿಗೆಗೆ ತಂದಿಟ್ಟವನು ಅಷ್ಟೊತ್ತಿಗೆ ಮುಂದಿನ ಸರ್ವಿಸಿಗೆ ಜಾಗ ಹಿಡಿದಿರುತ್ತಾನೆ.

ಗದಗದ ಹೈಸ್ಕೂಲಿನಲ್ಲೂ ಆಮೇಲೆ ಧಾರವಾಡದ ಕಾಲೇಜಿನಲ್ಲೂ ನಾನು ಲಿಫ್ಟರ್ ಆಗಿದ್ದೆ. ಹಾಗಾಗಿ ಈ ಬರಹ ಪಕ್ಷಪಾತದ್ದೇ ಅಂತ ಮೊದಲೇ ಹೇಳಿಬಿಡುತ್ತೇನೆ.

2025ರ ಸೆಪ್ಟೆಂಬರ್ 7ರಂದು ಬ್ಯಾಂಕಾಕ್‌ನಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಮುಗಿಯಿತು. ಮೊದಲ ಸಲ 32 ದೇಶಗಳು ಆಡಿದ ಟೂರ್ನಿ ಅದು. ಫೈನಲ್‌ನಲ್ಲಿ ಇಟಲಿ ಟರ್ಕಿಯನ್ನು 3-2ರಿಂದ ಸೋಲಿಸಿತು. ಆ ಅಂಗಳದಲ್ಲಿ ಜಗತ್ತಿನ ಅತಿ ದೊಡ್ಡ ಹೊಡೆತಗಾರ್ತಿಯರಿದ್ದರು. ಈ ಕಡೆ ಪಾವೊಲಾ ಎಗೊನು, ಆ ಕಡೆ ಕ್ಯೂಬಾದಲ್ಲಿ ಹುಟ್ಟಿ ಟರ್ಕಿಗೆ ಆಡುವ ಮೆಲಿಸ್ಸಾ ವರ್ಗಾಸ್. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಅಂತ ಕರೆದು ಪ್ರಶಸ್ತಿ ಕೊಟ್ಟಿದ್ದು ಮಾತ್ರ ಅಲೆಸ್ಸಿಯಾ ಒರೊಗೆ, ಇಟಲಿಯ ಲಿಫ್ಟರ್‌ಗೆ. ಸಾರ್ಡಿನಿಯಾ ದ್ವೀಪದ ಹುಡುಗಿ. ಅವತ್ತು ನಮ್ಮ ಮನೆಯಲ್ಲಿ ಖುಷಿಪಟ್ಟವಳು ನಾನೊಬ್ಬಳೇ. ಆ ಕಥೆಗೆ ಆಮೇಲೆ ಬರುತ್ತೇನೆ.

ವಾಲಿಬಾಲ್ ಆಡದವರಿಗೆ ಲಿಫ್ಟರ್ ಕೆಲಸ ಸಲೀಸು ಅನಿಸುತ್ತದೆ. ಬಾಲು ಬರುತ್ತದೆ, ಬೆರಳ ತುದಿಯಿಂದ ಮೇಲಕ್ಕೆ ತಳ್ಳುತ್ತಾಳೆ, ಅಷ್ಟೇ ತಾನೆ? ಆದರೆ ಒಂದು ಕಡೆಯವರಿಗೆ ಮೂರೇ ಟಚ್. ಮೊದಲನೆಯದು ಎದುರಾಳಿ ಕಳಿಸಿದ್ದನ್ನು ತಡೆಯೋದು, ಮೂರನೆಯದು ಹೊಡೆಯೋದು. ನಡುವಿನ ಎರಡನೆಯದು ಹೆಚ್ಚುಕಡಿಮೆ ಪ್ರತಿ ಸಲವೂ ಒಬ್ಬಳದೇ. ಅಂದರೆ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬಾಲು ಮುಟ್ಟುವವಳು ಆಕೆ, ಸ್ಕೋರ್‌ಶೀಟಿನಲ್ಲಿ ತೀರಾ ಕಡಿಮೆ ಪಾಯಿಂಟು ಇರೋದೂ ಆಕೆಯ ಹೆಸರಿನ ಮುಂದೆ. ಆರೂ ಜನ ಸರದಿಯಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಅಂತ ಸುತ್ತುತ್ತಿರುತ್ತಾರೆ. ಲಿಫ್ಟರ್ ಹಿಂದಿನ ಸಾಲಿನಲ್ಲಿದ್ದರೆ ಎದುರಾಳಿ ಸರ್ವಿಸ್ ಹೊಡೆದ ತಕ್ಷಣ ನೆಟ್ಟಿನ ಬುಡಕ್ಕೆ ಓಡಬೇಕು. ಓಡುತ್ತಲೇ ಮೊದಲ ಟಚ್ ಹೇಗೆ ಬಂತು ನೋಡಬೇಕು, ಕಣ್ಣಂಚಿನಲ್ಲಿ ಆಚೆಯ ಬ್ಲಾಕರ್‌ಗಳು, ಅಂದರೆ ನೆಟ್ಟಿನ ಬಳಿ ಜಿಗಿದು ಹೊಡೆತ ತಡೆಯುವವರು, ಯಾವ ಕಡೆ ವಾಲಿದ್ದಾರೆ ಅಂತ ಹಿಡಿಯಬೇಕು. ಬಾಲು ಹಣೆಯ ಮೇಲೆ ಬಂದಾಗ ಎರಡೂ ಹೆಬ್ಬೆರಳು ಕಣ್ಣಿನ ಕಡೆ ತಿರುಗಿರುತ್ತವೆ, ಉಳಿದ ಬೆರಳು ಅಗಲಿಸಿ ಬೋಗುಣಿಯ ಆಕಾರಕ್ಕೆ ಬಂದಿರುತ್ತವೆ. ಬಾಲು ಅಂಗೈಗೆ ತಾಗಬಾರದು. ಬೆರಳಲ್ಲಿ ಒಂದು ಚೂರು ಹೆಚ್ಚು ನಿಂತರೆ ಹಿಡಿದಂಗಾಯಿತು, ಒಂದು ಕೈ ಮುಂದೆ ಒಂದು ಕೈ ಹಿಂದೆ ಆದರೆ ಡಬಲ್. ಎರಡಕ್ಕೂ ರೆಫ್ರಿ ಸೀಟಿ ಊದುತ್ತಾರೆ. ಈ ಎಲ್ಲದರ ನಡುವೆ ಬೆನ್ನಿನ ಬಾಗು ಎಲ್ಲೂ ಗುಟ್ಟು ಬಿಡಬಾರದು. ಮುಂದಕ್ಕೆ ಕೊಡುತ್ತಾಳೋ ತಲೆಯ ಹಿಂದಕ್ಕೆ ಕೊಡುತ್ತಾಳೋ ಅನ್ನೋದು ಬಾಲು ಬೆರಳು ಬಿಟ್ಟ ಮೇಲೇ ಎದುರಿನವರಿಗೆ ತಿಳಿಯಬೇಕು.

ಗದಗದಲ್ಲಿ ಇದರ ಮೇಲೆ ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಶಾಲೆಗಳ ವಲಯ ಮಟ್ಟದ, ತಾಲೂಕು ಮಟ್ಟದ ಆಟಗಳು ಬರೋದೂ ಸರಿಯಾಗಿ ಆಷಾಢ-ಶ್ರಾವಣದ ಗಾಳಿಗೇ. ಎತ್ತರಕ್ಕೆ ಲಿಫ್ಟ್ ಕೊಟ್ಟರೆ ಬಾಲು ನೆಟ್ಟು ದಾಟಿ ಎದುರಿನವರ ಕೈಗೆ ಹೋಗುತ್ತಿತ್ತು, ಇಲ್ಲವೇ ಅಂಪೈರ್ ಕುರ್ಚಿಯ ಕಡೆ. ನಮ್ಮ ಪಿ.ಟಿ. ಮಾಸ್ತರರು ತಂತ್ರ ಗಿಂತ್ರ ಅಂತ ಏನೂ ಹೇಳಿಕೊಡಲಿಲ್ಲ. 'ಗಾಳಿಗೆ ಕೊಡಬ್ಯಾಡವಾ, ಕೈಗೆ ಕೊಡು' ಅಂದರು. ಹಂಗಾಗಿ ನಾವು ತಗ್ಗಿನ, ಬಿರುಸಿನ ಲಿಫ್ಟುಗಳನ್ನು ಕಲಿತೆವು. ಮಳೆ ಬಂದರೆ ಅಂಗಳದ ಎರಿ ಮಣ್ಣು ಕ್ಯಾನ್ವಾಸ್ ಬೂಟಿಗೆ ಕೆಜಿಗಟ್ಟಲೆ ಅಂಟುತ್ತಿತ್ತು, ಮರುದಿನ ಗರಸು ಹಾಸಿ ಆಡುತ್ತಿದ್ದೆವು, ಮೊಣಕಾಲು ತರಚುತ್ತಿತ್ತು. ಆ ತಗ್ಗಿನ ಲಿಫ್ಟುಗಳಿಗೆ ಜಗತ್ತಿನಲ್ಲಿ ದೊಡ್ಡ ಮರ್ಯಾದೆ ಇದೆ ಅಂತ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ, ಥಾಯ್ಲೆಂಡ್‌ನ ನೂತ್ಸರಾ ತೊಮ್ಕೊಮ್ ಆಡೋದನ್ನು ಮೊಬೈಲಿನಲ್ಲಿ ನೋಡಿದಾಗ. ಥಾಯ್ ಹುಡುಗಿಯರು ಎತ್ತರದಲ್ಲಿ ಚೀನಾದವರ ಹೆಗಲಿಗೆ ಬರುತ್ತಾರೆ. ಆದರೂ 2009ರ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಚೀನಾವನ್ನೂ 2013ರದರಲ್ಲಿ ಜಪಾನನ್ನೂ ಸೋಲಿಸಿದರು. ನೂತ್ಸರಾ ಕೊಟ್ಟ ಬಾಲು ಎಷ್ಟು ಬಿರುಸೆಂದರೆ ಎದುರಿನ ಬ್ಲಾಕರ್ ಜಿಗಿಯೋ ಹೊತ್ತಿಗೆ ಹೊಡೆತ ಮುಗಿದು ಬಾಲು ನೆಲ ಮುಟ್ಟಿರುತ್ತಿತ್ತು. ಎತ್ತರ ಇಲ್ಲದವರು ವೇಗವನ್ನೇ ಎತ್ತರ ಮಾಡಿಕೊಂಡಿದ್ದರು.

ನನ್ನ ಮಟ್ಟಿಗೆ ಲಿಫ್ಟರ್‌ಗಳ ಪೈಕಿ ಮೊದಲ ಮಣೆ ಜಪಾನಿನ ಯೋಶಿಯೆ ತಕೆಶಿತಾಗೆ. ಎತ್ತರ 159 ಸೆಂಟಿಮೀಟರ್. ಇದನ್ನು ಇನ್ನೊಮ್ಮೆ ಓದಿ. ಮಹಿಳೆಯರ ನೆಟ್ಟಿನ ಎತ್ತರ 2.24 ಮೀಟರ್. ರಷ್ಯಾದ ಎಕಟೆರಿನಾ ಗಾಮೊವಾ ಎರಡು ಮೀಟರಿಗೂ ಮೇಲೆ. ತಕೆಶಿತಾ ಅವಳೆದುರು ನೆಟ್ಟಿಗೆ ನಿಂತರೆ ಹೈಸ್ಕೂಲು ಹುಡುಗಿ ತಪ್ಪಿ ಒಳಗೆ ಬಂದಳೇನೋ ಅನಿಸುತ್ತಿತ್ತು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಜಪಾನಿನ ಹೆಂಗಸರ ತಂಡ ಅರ್ಹತೆಯನ್ನೇ ಪಡೆಯಲಿಲ್ಲ. ಅದಕ್ಕೂ ಮೊದಲು ಹಾಗಾಗಿದ್ದೇ ಇಲ್ಲ. ಬೈಗುಳವೆಲ್ಲ ಗಿಡ್ಡ ಲಿಫ್ಟರ್ ಮೇಲೆ ಬಿತ್ತು. 2002ರಲ್ಲಿ ಆಕೆ ಆಟವನ್ನೇ ಬಿಟ್ಟಳು. ಸ್ವಲ್ಪ ಸಮಯದ ಮೇಲೆ ಬೇರೆ ಕ್ಲಬ್ಬಿಗೆ ಬಂದು ಮತ್ತೆ ಕೈ ಹಾಕಿದಳು. 2006ರ ವಿಶ್ವ ಚಾಂಪಿಯನ್‌ಷಿಪ್ ಜಪಾನಿನಲ್ಲೇ ನಡೆಯಿತು. ರಷ್ಯಾ ಗೆದ್ದಿತು, ಜಪಾನ್ ಆರನೆಯದಾಯಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಆರನೇ ಸ್ಥಾನದ ತಂಡದ, 159 ಸೆಂಟಿಮೀಟರಿನ ಲಿಫ್ಟರ್‌ಗೆ ಹೋಯಿತು.

ಆತಿಥೇಯರಿಗೆ ದಾಕ್ಷಿಣ್ಯಕ್ಕೆ ಕೊಟ್ಟರು ಅಂತ ಅಂದವರಿದ್ದಾರು. ಅಂಥವರು ಆಮೇಲಿನ ಆರು ವರ್ಷ ನೋಡಬೇಕು. 2010ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಚೀನಾ ಮೇಲೆ ಐದು ಸೆಟ್ಟಿನ ಗೆಲುವು, ಕೊನೆಗೆ ದಕ್ಷಿಣ ಕೊರಿಯಾವನ್ನು ಸೋಲಿಸಿ ಕಂಚು. ಜಪಾನಿನ ಹೆಂಗಸರಿಗೆ ವಾಲಿಬಾಲ್‌ನಲ್ಲಿ 28 ವರ್ಷದ ಮೇಲೆ ಬಂದ ಒಲಿಂಪಿಕ್ ಪದಕ ಅದು. ಎಡಗೈ ತೋರುಬೆರಳು ಮುರಿದಿತ್ತು ಅನ್ನೋದನ್ನು ತಕೆಶಿತಾ ಹೊರಗೆ ಬಿಟ್ಟುಕೊಡದೆ ಆಡಿದ್ದಳು. ಲಿಫ್ಟರ್‌ಗೆ ತೋರುಬೆರಳು ಅಂದರೆ ಏನು ಅನ್ನೋದನ್ನು ಒಮ್ಮೆ ಬೆರಳು ಉಳುಕಿಸಿಕೊಂಡು ಆಡಿದವರನ್ನು ಕೇಳಿ ನೋಡಿ. ಬಾಲಿನ ಭಾರವೇನೋ 260ರಿಂದ 280 ಗ್ರಾಂ ಅಷ್ಟೇ. ಆದರೆ ಪ್ರತಿ ಸಲವೂ ಅದು ಮೊದಲು ಕೂರೋದು ಆ ಬೆರಳುಗಳ ಮೇಲೆ.

ಅದೇ ಲಂಡನ್‌ನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಕಂಚೂ ಸಿಗದೆ ನಾಲ್ಕನೆಯದಾದ ಕೊರಿಯಾದ ಕಿಮ್ ಯಾನ್ ಕೂಂಗ್‌ಗೆ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ. ಆಕೆ ಸ್ಮ್ಯಾಶರ್. ಪದಕ ಇಲ್ಲದ ತಂಡದಿಂದ ಸ್ಮ್ಯಾಶರ್ ಆಯ್ಕೆಯಾದರೆ ಯಾರೂ ಹುಬ್ಬೇರಿಸೋದಿಲ್ಲ. ಪಾಯಿಂಟು ಎಣಿಸಿ ತೋರಿಸಬಹುದಲ್ಲ. ಲಿಫ್ಟರ್ ಮಾಡಿದ್ದನ್ನು ಎಣಿಸೋದು ಹೇಗೆ? ಒಳ್ಳೆ ಲಿಫ್ಟ್ ಕೊಟ್ಟರೆ ಹೊಡೆದವಳ ಖಾತೆಗೆ, ಕೆಟ್ಟದ್ದು ಕೊಟ್ಟರೆ ಮಾತ್ರ ಸ್ವಂತ ಖಾತೆಗೆ.

ಲಿಫ್ಟರ್‌ನ ಬದುಕು ಮೊದಲ ಟಚ್, ಅಂದರೆ ರಿಸೀವ್ ಮೇಲೆ ನಿಂತಿದೆ. ಆ ಮೊದಲ ಟಚ್‌ಗೆ ಇಡೀ ಜಗತ್ತೇ ತಿರುಗಿ ನೋಡುವಂತೆ ಮಾಡಿದವರೂ ಜಪಾನಿನವರೇ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ವಾಲಿಬಾಲ್ ಮೊದಲ ಸಲ ಸೇರಿತು. ಚಿನ್ನ ಗೆದ್ದ ಜಪಾನ್ ತಂಡದ ಬಹುಪಾಲು ಆಟಗಾರ್ತಿಯರು ನಿಚಿಬೊ ಅನ್ನುವ ಬಟ್ಟೆ ಕಂಪನಿಯ ಕಾಯ್ಜುಕಾ ಗಿರಣಿಯವರು. ಹಗಲು ಕಂಪನಿಯ ಕೆಲಸ, ಸಂಜೆಯಿಂದ ನಡುರಾತ್ರಿವರೆಗೆ ಅಭ್ಯಾಸ. ಕೋಚ್ ಹಿರೊಬುಮಿ ದೈಮತ್ಸುಗೆ ಜನ ಇಟ್ಟ ಹೆಸರು 'ದೆವ್ವ ದೈಮತ್ಸು'. ಬಾಲಿಗೆ ಹಾರಿ, ನೆಲಕ್ಕೆ ಬಿದ್ದು, ಉರುಳಿ, ಉರುಳಿದ ವೇಗದಲ್ಲೇ ಎದ್ದು ನಿಲ್ಲುವ ರಿಸೀವನ್ನು ಆತ ಈ ಹುಡುಗಿಯರಿಗೆ ಕಲಿಸಿದ. ಎದ್ದು ನಿಂತರೆ ಮುಂದಿನ ಟಚ್‌ಗೂ ಒಂದು ಕೈ ಸಿಕ್ಕಂತೆ. ರಷ್ಯನ್ನರು ಹೊಡೆದದ್ದೆಲ್ಲ ವಾಪಸ್ಸು ಬರತೊಡಗಿತು. ಕೊನೆಯ ಪಂದ್ಯದಲ್ಲಿ ಸೋವಿಯತ್ ತಂಡವನ್ನು 3-0ರಿಂದ ಸೋಲಿಸಿದ್ದನ್ನು ಜಪಾನಿನ ಟೀವಿಯಲ್ಲಿ ಶೇ. 66.8 ಮನೆಗಳವರು ನೋಡಿದರು ಅಂತ ದಾಖಲೆಯಿದೆ. 'ಪೂರ್ವದ ಮಾಟಗಾತಿಯರು' ಅನ್ನೋ ಹೆಸರು ಆ ತಂಡಕ್ಕೆ ಮೊದಲೇ ಅಂಟಿಕೊಂಡಿತ್ತು.

ಹುಬ್ಬಳ್ಳಿಯೂ ಬಟ್ಟೆ ಮಿಲ್ಲಿನ ಸೈರನ್ನಿಗೆ ಎದ್ದ ಊರು, ಬೆಟಗೇರಿಯಲ್ಲಿ ಇವತ್ತಿಗೂ ಮಗ್ಗದ ಸದ್ದಿದೆ. ಹಾಗಾಗಿ ಗಿರಣಿ ಹುಡುಗಿಯರ ಈ ಕಥೆ ಓದಿದಾಗ ನನಗೂ ಹೆಮ್ಮೆ ಉಕ್ಕಬೇಕಿತ್ತು. ಅಷ್ಟಾಗಿ ಉಕ್ಕಲಿಲ್ಲ. ದೈಮತ್ಸುವಿನ ಅಭ್ಯಾಸದ ಹಳೆಯ ಚಿತ್ರಗಳಲ್ಲಿ ಹುಡುಗಿಯರು ಏದುಸಿರು ಬಿಡುತ್ತ ನೆಲದಲ್ಲಿ ಬಿದ್ದಿದ್ದರೂ ಆತ ಅವರ ಮೇಲೆ ಬಾಲು ಎಸೆಯುತ್ತಲೇ ಇರುತ್ತಾನೆ. ಅದನ್ನು ಶಿಸ್ತು ಅಂತ ಹೊಗಳೋದು ನನಗೆ ಆಗೋದಿಲ್ಲ. ನನ್ನನ್ನು ಹೆಚ್ಚು ಹಿಡಿದಿಟ್ಟಿದ್ದು ಕ್ಯಾಪ್ಟನ್ ಮಸಾಯೆ ಕಸಾಯಿ. 1962ರಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಈ ಆಟಗಾರ್ತಿಯರು ಆಟ ಬಿಟ್ಟು ಮದುವೆಯಾಗಿ ಮನೆ ಕಟ್ಟಿಕೊಳ್ಳುವ ಮನಸ್ಸಿನಲ್ಲಿದ್ದರು. ಒಲಿಂಪಿಕ್ಸ್ ಟೋಕಿಯೊದಲ್ಲೇ ಬರುತ್ತದಲ್ಲ, ದೇಶವೆಲ್ಲ ಸೇರಿ ಅವರನ್ನು ನಿಲ್ಲಿಸಿತು. ಚಿನ್ನ ಗೆದ್ದಾಗ ಕಸಾಯಿಗೆ 31. ಆಮೇಲೆ ಪ್ರಧಾನಿ ಸಾತೊ ಅವರೇ ಮುಂದೆ ನಿಂತು ಗಂಡು ತೋರಿಸಿದರು. ನಮ್ಮಲ್ಲಿ ಪ್ರಧಾನಿ ಬೇಕಾಗಿಲ್ಲ, ಓಣಿಯ ದೊಡ್ಡವ್ವನೇ ಸಾಕು. ನನ್ನ ಕಾಲೇಜು ತಂಡದ ಮೊದಲ ಆರರಲ್ಲಿ ಪದವಿ ಮುಗಿದ ಮೇಲೂ ಬಾಲು ಮುಟ್ಟಿದವಳು ಒಬ್ಬಳೇ, ಅದೂ ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿ ಸಿಕ್ಕಿದ್ದಕ್ಕೆ.

ಚೀನಾದ ಕಥೆ ಹೇಳುವಾಗ ಎಲ್ಲರೂ ಲಾಂಗ್ ಪಿಂಗ್ ಹೆಸರಿನಿಂದ ಶುರು ಮಾಡುತ್ತಾರೆ. 'ಕಬ್ಬಿಣದ ಸುತ್ತಿಗೆ' ಅಂತ ಬಿರುದು. 1981ರ ವಿಶ್ವಕಪ್, 1982ರ ವಿಶ್ವ ಚಾಂಪಿಯನ್‌ಷಿಪ್, 1984ರ ಒಲಿಂಪಿಕ್ಸ್, 1985, 1986, ಹೀಗೆ ಸಾಲಾಗಿ ಐದು ದೊಡ್ಡ ಪ್ರಶಸ್ತಿಗಳನ್ನು ಚೀನಾ ಬಾಚಿತು. ಆ ಸಾಲಿನ ಮೊದಲನೆಯದರಲ್ಲಿ, 1981ರಲ್ಲಿ, ಶ್ರೇಷ್ಠ ಆಟಗಾರ್ತಿಯಾದದ್ದು ಕ್ಯಾಪ್ಟನ್ ಸುನ್ ಜಿನ್‌ಫಾಂಗ್. ಲಿಫ್ಟರ್! 2004ರ ಅಥೆನ್ಸ್‌ನಲ್ಲೂ ಹಾಗೇ ಆಯಿತು. ಫೈನಲ್‌ನಲ್ಲಿ ಗಾಮೊವಾಳ ರಷ್ಯಾ ಮೊದಲ ಎರಡು ಸೆಟ್ ಗೆದ್ದಿತ್ತು, ಚೀನಾ ಉಳಿದ ಮೂರನ್ನೂ ಗೆದ್ದು ಚಿನ್ನ ಕಿತ್ತುಕೊಂಡಿತು. ಪ್ರಶಸ್ತಿ ಹೋಗಿದ್ದು ಲಿಫ್ಟರ್ ಫೆಂಗ್ ಕುನ್‌ಗೆ. ಸುತ್ತಿಗೆಯ ಹೆಸರು ಎಲ್ಲರಿಗೂ ಗೊತ್ತು. ಸುನ್, ಫೆಂಗ್ ಅಂದರೆ ಯಾರು ಅಂತ ವಾಲಿಬಾಲ್ ಆಡುವವರೂ ತಲೆ ಕೆರೆದುಕೊಳ್ಳುತ್ತಾರೆ.

ಲಾಂಗ್ ಪಿಂಗ್ ಬಗ್ಗೆ ನನಗೆ ಅಸಮಾಧಾನವೇನಿಲ್ಲ. ಆಟ ಬಿಟ್ಟ ಮೇಲೆ ಆಕೆ ಮಾಡಿದ್ದು ಹೊಡೆತಗಳಿಗಿಂತ ದೊಡ್ಡದು ಅನಿಸುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲೇ ಅಮೆರಿಕ ತಂಡದ ಕೋಚ್ ಆಗಿ ಕೂತು ಚೀನಾವನ್ನು ಸೋಲಿಸಿದಳು, ಅಮೆರಿಕಕ್ಕೆ ಬೆಳ್ಳಿ ತಂದಳು. ಅವಳಿಗೆ ಚಿನ್ನ ತಪ್ಪಿಸಿದ್ದು ಬ್ರೆಜಿಲ್. ಆ ಬ್ರೆಜಿಲ್‌ನ ಲಿಫ್ಟರ್ ಫೊಫಾವೊಗೆ ಆಗ 38, ಅದು ಐದನೇ ಒಲಿಂಪಿಕ್ಸ್. ಎರಡು ಕಂಚು ಮೊದಲೇ ಇತ್ತು. ಇಡೀ ಟೂರ್ನಿಯಲ್ಲಿ ಬ್ರೆಜಿಲ್ ಒಂದೇ ಸೆಟ್ ಕಳೆದುಕೊಂಡಿತು, ಅದೂ ಫೈನಲ್‌ನಲ್ಲಿ. 2016ರ ರಿಯೊದಲ್ಲಿ ಲಾಂಗ್ ಪಿಂಗ್ ಚೀನಾದ ಕೋಚ್. ಗುಂಪಿನಲ್ಲಿ ಐದರಲ್ಲಿ ಮೂರು ಪಂದ್ಯ ಸೋತ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ತವರಿನ ಜನರ ಮುಂದೆಯೇ ಬ್ರೆಜಿಲ್ಲನ್ನು 3-2ರಿಂದ ಹೊರಗೆ ಹಾಕಿತು. ಆಮೇಲೆ ತಿರುಗಿ ನೋಡಲಿಲ್ಲ, ಚಿನ್ನ. ಹೆನಾನ್ ಪ್ರಾಂತ್ಯದ ರೈತರ ಮನೆಯ ಮಗಳು ಝು ತಿಂಗ್ ಶ್ರೇಷ್ಠ ಆಟಗಾರ್ತಿ. ವಾಲಿಬಾಲ್‌ನಲ್ಲಿ ಆಟಗಾರ್ತಿಯಾಗಿಯೂ ಕೋಚ್ ಆಗಿಯೂ ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗಳು ಲಾಂಗ್ ಪಿಂಗ್.

ಕ್ಯೂಬಾದವರು ಮಾತ್ರ ಈ ಲೆಕ್ಕವನ್ನೇ ತಲೆಕೆಳಗು ಮಾಡಿದ್ದರು. 1992, 1996, 2000, ಮೂರೂ ಒಲಿಂಪಿಕ್ ಚಿನ್ನ. 175 ಸೆಂಟಿಮೀಟರಿನ ಮಿರೆಯಾ ಲೂಯಿಸ್ ಜಿಗಿದರೆ ಕೈ ಮೂರು ಮೀಟರ್ ಮೂವತ್ತು ದಾಟುತ್ತಿತ್ತು. ಅವಳನ್ನು ನೋಡಲು ಜನ ಬರುತ್ತಿದ್ದರು. ನನಗೆ ಕುತೂಹಲ ಅವರ ಲಿಫ್ಟರ್‌ಗಳ ಮೇಲೆ. ಬೇರೆ ತಂಡಗಳಲ್ಲಿ ಒಬ್ಬಳು ಲಿಫ್ಟರ್, ಇವರಲ್ಲಿ ಇಬ್ಬರು. ಹಿಂದಿನ ಸಾಲಿನಲ್ಲಿರುವವಳು ಮುಂದೆ ಓಡಿಬಂದು ಲಿಫ್ಟ್ ಕೊಡುತ್ತಾಳೆ, ಮುಂದಿನ ಸಾಲಿಗೆ ಬಂದವಳು ಆಗ ಸ್ಮ್ಯಾಶರ್. ತೈಸ್ಮರಿ ಅಗುಯೆರೊ ಹಾಗೆ ಎರಡೂ ಕೆಲಸ ಮಾಡಿ ಎರಡು ಚಿನ್ನ ಗೆದ್ದಳು, ಆಮೇಲೆ ಇಟಲಿಗೆ ಹೋಗಿ ಆ ದೇಶದ ಅಂಗಿ ತೊಟ್ಟು ಯುರೋಪಿಯನ್ ಚಾಂಪಿಯನ್ ಆದಳು. ಯಾರೂ ಯಾರ ಆಳೂ ಅಲ್ಲ ಅನ್ನೋ ವ್ಯವಸ್ಥೆ. ಇವತ್ತಿನ ದೊಡ್ಡ ತಂಡಗಳಲ್ಲಿ ಇದು ಕಾಣೋದೇ ಇಲ್ಲ.

ಇನ್ನು ಇಟಲಿ. ಕೋಚ್ ಹೂಲಿಯೊ ವೆಲಾಸ್ಕೊ ಅರ್ಜೆಂಟೀನಾದಲ್ಲಿ ಹುಟ್ಟಿದವರು, 1990ರಲ್ಲೂ 1994ರಲ್ಲೂ ಇಟಲಿಯ ಗಂಡಸರನ್ನು ವಿಶ್ವ ಚಾಂಪಿಯನ್ ಮಾಡಿದವರು. ಎಪ್ಪತ್ತು ದಾಟಿದ ಮೇಲೆ ಹೆಂಗಸರ ತಂಡ ಕೈಗೆತ್ತಿಕೊಂಡು 2024ರ ಪ್ಯಾರಿಸ್‌ನಲ್ಲಿ ಅವರಿಗೆ ಮೊದಲ ಒಲಿಂಪಿಕ್ ಚಿನ್ನ ತಂದರು. ಆ ಒಲಿಂಪಿಕ್ಸ್‌ನಲ್ಲಿ ಇಟಲಿ ಬಿಟ್ಟುಕೊಟ್ಟಿದ್ದು ಒಟ್ಟು ಒಂದು ಸೆಟ್. ವೆಲಾಸ್ಕೊ ಅವರ ಒಂದು ಹಳೆಯ ಮಾತು ಇಟಲಿಯಲ್ಲಿ ಮನೆಮಾತಾಗಿದೆಯಂತೆ. ಸ್ಮ್ಯಾಶರ್ ಹೊರಗೆ ಹೊಡೆದರೆ ಲಿಫ್ಟರ್ ಕಡೆ ತಿರುಗಿ ನೋಡುತ್ತಾಳೆ. ಲಿಫ್ಟರ್ ರಿಸೀವ್ ಮಾಡಿದವಳ ಕಡೆ ನೋಡುತ್ತಾಳೆ. ರಿಸೀವ್ ಮಾಡಿದವಳಿಗೆ ತಿರುಗಿ ನೋಡೋಕೆ ಯಾರೂ ಇಲ್ಲ, ಅದಕ್ಕೆ ತಪ್ಪನ್ನು ಮೇಲಿನ ಲೈಟಿನ ಮೇಲೆ ಹಾಕುತ್ತಾಳೆ. ನಮ್ಮ ಕುಣಿಯಲಾರದವಳು ನೆಲ ಡೊಂಕು ಅಂದಳಲ್ಲ, ಅವಳ ಇಟಲಿ ತಂಗಿಯರು ಇವರು. ವೆಲಾಸ್ಕೊ ಪ್ರಕಾರ ಸ್ಮ್ಯಾಶರ್ ಆದವಳು ಲಿಫ್ಟ್ ಹೇಗೆ ಬಂತು ಅಂತ ಚರ್ಚೆ ಮಾಡಬಾರದು, ಬಂದದ್ದನ್ನು ಪಾಯಿಂಟು ಮಾಡಬೇಕು. ಎಗೊನು ತಂಡದಲ್ಲಿ ಇದು ಬಾಯಿಮಾತಲ್ಲ. ರಿಸೀವ್ ಕೆಟ್ಟು ಒರೊ ಅಂಗಳದ ಮೂಲೆಯಿಂದ ಹೇಗೋ ಎತ್ತಿಹಾಕಿದ ಬಾಲು ಹೋಗೋದು ಎಗೊನು ಕಡೆಗೇ. ಎದುರಿಗೆ ಮೂರು ಜನ ಬ್ಲಾಕಿಗೆ ಎದ್ದಿರುತ್ತಾರೆ. ಅವಳು ಒಮ್ಮೆಯೂ ಹಿಂದೆ ತಿರುಗಿ ನೋಡೋದಿಲ್ಲ.

ಅಂಥವಳಿಗೂ ನೆಮ್ಮದಿ ಇಲ್ಲ. ಇಟಲಿಯಲ್ಲೇ ಹುಟ್ಟಿದವಳು, ಅಪ್ಪ-ಅವ್ವ ನೈಜೀರಿಯಾದವರು. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ದಿನವೇ 'ನೀನು ಇಟಲಿಯವಳು ಹೌದೇನು ಅಂತ ನನ್ನನ್ನು ಕೇಳುತ್ತಾರೆ' ಅನ್ನೋ ಅರ್ಥದಲ್ಲಿ ಅತ್ತಿದ್ದಳು. ಪ್ಯಾರಿಸ್ ಫೈನಲ್‌ನಲ್ಲಿ 22 ಪಾಯಿಂಟು ಹೊಡೆದು ಶ್ರೇಷ್ಠ ಆಟಗಾರ್ತಿಯಾದ ಮೇಲೆ ರೋಮ್‌ನ ಗೋಡೆಯೊಂದರ ಮೇಲೆ ಅವಳ ಚಿತ್ರ ಬಿಡಿಸಿದರು. ಯಾರೋ ಬಂದು ಅವಳ ಮೈಬಣ್ಣದ ಮೇಲೆ ಗುಲಾಬಿ ಬಣ್ಣ ಬಳಿದು ಹೋದರು.

ಬ್ಯಾಂಕಾಕ್ ಫೈನಲ್ ದಿನ ಭಾನುವಾರ. ಹಿಂದಿನ ರಾತ್ರಿಯೆಲ್ಲ ಹುಬ್ಬಳ್ಳಿಯಲ್ಲಿ ಹನ್ನೊಂದನೇ ದಿನದ ಗಣಪತಿ ಕಳಿಸುವ ಡಿಜೆ ಗದ್ದಲ. ಈ ರಾತ್ರಿ ಚಂದ್ರಗ್ರಹಣ. ಗ್ರಹಣ ಹಿಡಿಯೋದರೊಳಗೆ ಅಡುಗೆ, ಊಟ, ಪಾತ್ರೆ ಎಲ್ಲ ಮುಗಿಯಬೇಕು ಅಂತ ಅತ್ತೆಯವರ ಅವಸರ. ನಾನು ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ, ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ ಪಂದ್ಯ ನೋಡುತ್ತಿದ್ದೆ. ಒಂದು ಸೆಟ್ ಇಟಲಿ, ಒಂದು ಟರ್ಕಿ, ಹೀಗೇ ನಾಲ್ಕು. ನಡುವೆ ಅತ್ತೆಯವರನ್ನು ಕೂರಿಸಿಕೊಳ್ಳೋಕೆ ಒಂದು ಉಪಾಯ ಮಾಡಿದೆ. ಟರ್ಕಿಯ ಕೋಚ್ ಡೇನಿಯೆಲೆ ಸಾಂತರೆಲ್ಲಿ ಇಟಲಿಯವನು. ಇಟಲಿಯ ಲಿಬೆರೊ, ಅಂದರೆ ಹಿಂದೆ ನಿಂತು ರಿಸೀವ್ ಮಾಡೋ ಬೇರೆ ಬಣ್ಣದ ಅಂಗಿಯ ಆಟಗಾರ್ತಿ, 38ರ ಮೋನಿಕಾ ದೆ ಜೆನ್ನಾರೊ ಅವನ ಹೆಂಡತಿ.

'ಗಂಡ ಆ ಕಡೆ, ಹೆಂಡ್ತಿ ಈ ಕಡೆ ಏನ?' ಅತ್ತೆಯವರು ಕನ್ನಡಕ ಹಾಕಿಕೊಂಡು ಕೂತರು. 'ಹಂಗಾರ ಆಕಿ ಹೆಂಗ ಆಡ್ತಾಳ ನೋಡೂಣು.'

ಆಕೆ ಆಡಿದಳು. ವರ್ಗಾಸ್‌ಳ ಹೊಡೆತಕ್ಕೆ ಬಿದ್ದು ಎದ್ದು ಬಾಲನ್ನು ಒರೊ ತಲೆಯ ಮೇಲೆ ತಂದು ಬಿಡುತ್ತಿದ್ದಳು. ಗಂಡ ಬೆಂಚಿನ ಮುಂದೆ ಕೈಕಟ್ಟಿ ನಿಂತಿದ್ದ. ಇಟಲಿ ಗೆದ್ದಾಗ ಅತ್ತೆಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. 'ಮನ್ಯಾಗ ಇವತ್ತ ಅಡಗಿ ಯಾರ ಮಾಡ್ತಾರ?'

ಪ್ರಶಸ್ತಿಗೆ ಒರೊ ಹೆಸರು ಕರೆದಾಗ ನಾನು ಚಪ್ಪಾಳೆ ಹೊಡೆದೆ. ಅಲ್ಲೇ ಕೂತಿದ್ದ ಅಕ್ಕನ ಮಗಳು ಮುಖ ಸಿಂಡರಿಸಿದಳು. ಗದಗದ ಹೈಸ್ಕೂಲಿನಲ್ಲಿ ಓದುತ್ತಾಳೆ, ಗಣಪತಿ ನೋಡೋಕೆ ಬಂದಿದ್ದಳು. ಅವಳೂ ಲಿಫ್ಟರ್, ಮನಸ್ಸಿಲ್ಲದ ಲಿಫ್ಟರ್. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ ಅಂತ ಅಲ್ಲಿಗೆ ಹಾಕಿದ್ದಾರೆ.

ನಮ್ಮಲ್ಲಿ ಆಯ್ಕೆ ನಡೆಯೋದೇ ಹೀಗೆ. ಉದ್ದ ಇದ್ದವರು ಸ್ಮ್ಯಾಶಿಗೆ, ಉಳಿದವರಲ್ಲಿ ಬೆರಳು ಸ್ವಲ್ಪ ನೆಟ್ಟಗೆ ಇರುವವಳು ಲಿಫ್ಟಿಗೆ. ತಕೆಶಿತಾ ಕಥೆ ಹೇಳಿ ಇವಳನ್ನು ಸಮಾಧಾನ ಮಾಡಬಹುದಿತ್ತು. ಆದರೆ ಪೂರ್ತಿ ಸತ್ಯ ಅದಲ್ಲವಲ್ಲ. ಸರದಿ ಸುತ್ತುವಾಗ ಆರರಲ್ಲಿ ಮೂರು ಸಲ ಲಿಫ್ಟರ್ ಮುಂದಿನ ಸಾಲಿಗೆ ಬರುತ್ತಾಳೆ, ಆಗ ಬ್ಲಾಕಿಗೂ ಏಳಬೇಕು. ತಕೆಶಿತಾ ಮುಂದೆ ಬಂದಾಗಲೆಲ್ಲ ಎದುರಾಳಿಗಳು ಅವಳ ತಲೆಯ ಮೇಲಿಂದಲೇ ಹೊಡೆಯುತ್ತಿದ್ದರು, ಆ ಕೊರತೆಯನ್ನು ಉಳಿದ ಐವರು ನೆಲಕ್ಕೆ ಬಿದ್ದು ತುಂಬುತ್ತಿದ್ದರು. ಒರೊ 180 ಸೆಂಟಿಮೀಟರ್ ಇದ್ದಾಳೆ. ಅವಳು ಮುಂದೆ ಬಂದಾಗಲೂ ವೆಲಾಸ್ಕೊ ಎಷ್ಟೋ ಸಲ ಇಬ್ಬರನ್ನು ಒಟ್ಟಿಗೆ ಬದಲಾಯಿಸುತ್ತಾರೆ. ಒರೊ ಜಾಗಕ್ಕೆ 2 ಮೀಟರ್ ಎತ್ತರದ ಆಂಟ್ರೊಪೊವಾ, ಹಿಂದಿರುವ ಎಗೊನು ಜಾಗಕ್ಕೆ ಎರಡನೇ ಲಿಫ್ಟರ್ ಕಾಂಬಿ. ಮುಂದೆ ಮೂವರೂ ಹೊಡೆಯುವವರೇ ಆಗುತ್ತಾರೆ. ಅಂದರೆ ಶ್ರೇಷ್ಠ ಆಟಗಾರ್ತಿ ಆದವಳೂ ಪಂದ್ಯದ ನಡುವೆ ಹೊರಗೆ ಕೂರುತ್ತಾಳೆ. ಇದನ್ನೆಲ್ಲ ಹದಿಮೂರರ ಹುಡುಗಿಗೆ ಸಿಹಿ ಮಾಡಿ ಹೇಳೋದು ಹೇಗೆ?

ಇನ್ನು ಮುಂದೆ ಎಲ್ಲಿಗೆ ಹೋಗುತ್ತೀ ಅಂತ ಕೇಳಿದರೆ ಅದೂ ಕಷ್ಟದ ಮಾತು. ಭಾರತದ ಹೆಂಗಸರ ತಂಡ ಒಲಿಂಪಿಕ್ಸ್ ಆಡಿಲ್ಲ. 1975ರಲ್ಲೇ ಕೇರಳದ ಕೆ.ಸಿ. ಏಲಮ್ಮ ಅರ್ಜುನ ಪ್ರಶಸ್ತಿ ಪಡೆದ ಆಟ ಇದು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಇವತ್ತಿಗೂ ಕೇರಳ ಇಲ್ಲವೇ ರೈಲ್ವೆ ಅನ್ನೋ ಮಾತೇ. 2022ರಲ್ಲಿ ಶುರುವಾದ ಪ್ರೈಮ್ ವಾಲಿಬಾಲ್ ಲೀಗ್ ಗಂಡಸರದು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇರೋದರಿಂದ ಈ ಕಡೆಯ ಅಪ್ಪಂದಿರಿಗೆ 'ಆಡಿದ್ರ ರೈಲ್ವೇದಾಗ ನೌಕ್ರಿ' ಅನ್ನೋದಷ್ಟೇ ಅರ್ಥವಾಗುವ ಕಾರಣ. ಅದನ್ನು ಹೇಳಿಯೇ ನಮ್ಮ ಅಕ್ಕನೂ ಮಗಳನ್ನು ಸಂಜೆ ಗ್ರೌಂಡಿಗೆ ಬಿಡುವಂತೆ ಭಾವನವರನ್ನು ಒಪ್ಪಿಸಿದ್ದು. ಎಗೊನು, ಒರೊ ಯಾರೂ ಆ ಮಾತುಕತೆಯಲ್ಲಿ ಬರಲಿಲ್ಲ.

ಹಾಗಾಗಿ ನಾನು ಅವಳಿಗೆ ಕ್ಯೂಬಾದ ವಿಷಯ ಹೇಳಿದೆ. ಇಬ್ಬರು ಲಿಫ್ಟರ್, ಹಿಂದಿದ್ದಾಗ ಲಿಫ್ಟ್, ಮುಂದೆ ಬಂದಾಗ ಸ್ಮ್ಯಾಶ್, ಮೂರು ಒಲಿಂಪಿಕ್ ಚಿನ್ನ. ಹಿಟ್ಟು ಚೆಲ್ಲಿದ ಮಣೆಯ ಮೇಲೇ ಬೆರಳಿಂದ ಆರು ಚುಕ್ಕಿ ಇಟ್ಟು ಯಾರು ಎಲ್ಲಿಂದ ಎಲ್ಲಿಗೆ ಓಡಬೇಕು ಅಂತ ಗೆರೆ ಎಳೆದು ತೋರಿಸಿದೆ. ಮೊದಲ ಸಲ ಅವಳ ಕಣ್ಣು ಮೊಬೈಲ್ ಬಿಟ್ಟು ಈ ಕಡೆ ಬಂತು. ಚುಕ್ಕಿಗಳನ್ನು ಒಂದೊಂದಾಗಿ ಸುತ್ತಿಸಿ ನೋಡಿದಳು, ತನ್ನ ಗೆಳತಿಯರ ಹೆಸರಿಟ್ಟಳು. ಪಿ.ಟಿ. ಟೀಚರಿಗೆ ಹೇಳು, ಮುಂದಿನ ವರ್ಷದ ವಲಯ ಮಟ್ಟದಲ್ಲಿ ಇದನ್ನೇ ಆಡಿ ಅಂದೆ.

'ಆಡಬಹುದು ಚಿಗವ್ವ,' ಅಂದಳು. 'ಆದ್ರ ಇನ್ನೊಬ್ಬಾಕಿ ಲಿಫ್ಟರ್ ಎಲ್ಲಿಂದ ತರೂದು? ನಾ ಬಿಟ್ರ ಎಲ್ಲಾರೂ ಸ್ಮ್ಯಾಶ್ ಹೊಡಿಯಾವ್ರ ಅದಾರ.'